ಹದಿಹರೆಯದ ಮಕ್ಕಳು, ಸಾಕುನಾಯಿಯೊಂದಿಗೆ ಕಾರು ಪ್ರವಾಸ: ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಬೇಸಿಗೆ ರಜೆ ಆರಂಭವಾಗುತ್ತಿದ್ದಂತೆ ಬೆಂಗಳೂರಿನಿಂದ ಮಲೆನಾಡು, ಕೊಡಗು ಹಾಗೂ ಕರಾವಳಿಯತ್ತ ಸಾಗುವ ಹೆದ್ದಾರಿಗಳಲ್ಲಿ ಕುಟುಂಬ ಸಮೇತ ಹೊರಟ ಕಾರುಗಳ ಸಾಲು ಬೆಳೆಯುತ್ತದೆ. ಮುಂದೆ ತಂದೆ-ತಾಯಿ, ಹಿಂದೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಮಕ್ಕಳು, ಅವರ ನಡುವೆ ಗಾಳಿಗೆ ಮೂಗೊಡ್ಡಿ ಕುಳಿತ ನಾಯಿ. ನೋಡುವವರಿಗೆ ಇದು ಸುಖಸಂಸಾರದ ಚಿತ್ರ. ಆದರೆ ಸಿದ್ಧತೆಯಿಲ್ಲದೆ ಹೊರಟರೆ ಇದೇ ಪ್ರವಾಸ ಆಸ್ಪತ್ರೆಯ ಬಾಗಿಲಲ್ಲೋ ಪೊಲೀಸ್ ಠಾಣೆಯಲ್ಲೋ ಮುಗಿಯಬಹುದು.

ಇಂತಹ ಪ್ರವಾಸಕ್ಕೆ ಸಿಗುವ ವರ್ಷಗಳೂ ಕಡಿಮೆ. ನಾಯಿಯ ಸರಾಸರಿ ಆಯಸ್ಸು 10ರಿಂದ 13 ವರ್ಷ. ಮಗು ಎರಡನೇ ತರಗತಿಯಲ್ಲಿದ್ದಾಗ ಮನೆಗೆ ಬಂದ ಮರಿ, ಆ ಮಗು ಪಿಯುಸಿ ಮುಗಿಸುವ ಹೊತ್ತಿಗೆ ಮುದಿಯಾಗಿರುತ್ತದೆ. ಅದೇ ಹೊತ್ತಿಗೆ ಮಕ್ಕಳು ಹಾಸ್ಟೆಲ್ ಸೇರಲು ಪೆಟ್ಟಿಗೆ ಕಟ್ಟುತ್ತಾರೆ. ಎಲ್ಲರೂ ಒಂದೇ ಕಾರಿನಲ್ಲಿ ಕೂರುವ ಅವಕಾಶ ಮತ್ತೆ ಬರುತ್ತದೆಂಬ ಖಾತರಿಯಿಲ್ಲ. ಆದ್ದರಿಂದಲೇ ಹೊರಡುವ ಮುನ್ನ ಒಂದಿಷ್ಟು ಲೆಕ್ಕಾಚಾರ ಅಗತ್ಯ.

ದಾರಿ ಮತ್ತು ಹೊತ್ತು

ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಸುಮಾರು 350 ಕಿ.ಮೀ. ನಿಲುಗಡೆಗಳೂ ಸೇರಿದರೆ ಇಡೀ ಹಗಲಿನ ಪ್ರಯಾಣ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆ ಹಾಗೂ ಸಂಪಾಜೆ ಮಾರ್ಗಗಳಲ್ಲಿ ಗುಡ್ಡ ಕುಸಿದು ಸಂಚಾರ ಸ್ಥಗಿತಗೊಳ್ಳುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಆಯಾ ಜಿಲ್ಲಾಡಳಿತದ ಪ್ರಕಟಣೆಯನ್ನು ಹಿಂದಿನ ದಿನವೇ ಗಮನಿಸುವುದು ಕ್ಷೇಮ. ಘಾಟಿಗಳಲ್ಲಿ ಮೊಬೈಲ್ ಸಂಪರ್ಕ ಕಡಿದುಹೋಗುವುದರಿಂದ ದಾರಿಯ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಬೇಕು.

ಬಂಡೀಪುರದ ಮೂಲಕ ಊಟಿ ಅಥವಾ ಸುಲ್ತಾನ್ ಬತ್ತೇರಿಗೆ ಹೋಗುವವರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ವಾಹನ ಸಂಚಾರ ನಿಷೇಧವನ್ನು ಮರೆಯಬಾರದು. 2009ರಿಂದ ಜಾರಿಯಲ್ಲಿರುವ ಈ ನಿಯಮ ಗೊತ್ತಿಲ್ಲದೆ ತಡವಾಗಿ ಹೊರಟ ಕುಟುಂಬ, ನಾಯಿ ಸಮೇತ ಗುಂಡ್ಲುಪೇಟೆಯಲ್ಲಿ ರಾತ್ರೋರಾತ್ರಿ ಕೋಣೆ ಹುಡುಕಬೇಕಾಗುತ್ತದೆ. ಹಗಲಿನಲ್ಲಿಯೂ ಕಾಡಿನೊಳಗೆ ಕಾರು ನಿಲ್ಲಿಸುವಂತಿಲ್ಲ. ಆದ್ದರಿಂದ ನಾಯಿಯ ಮಲಮೂತ್ರ ವಿಸರ್ಜನೆ ಗೇಟ್ ಸೇರುವ ಮೊದಲೇ ಮುಗಿಯಬೇಕು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೂ ಇದೇ ಮಾತು ಅನ್ವಯ. ಅಲ್ಲಿ ಎಲ್ಲೆಂದರಲ್ಲಿ ನಿಲ್ಲಿಸುವುದು ಅಪಘಾತಕ್ಕೆ ಆಹ್ವಾನ.

ನಸುಕಿನ ನಾಲ್ಕಕ್ಕೆ ಹೊರಡುವುದು ಹಿರಿಯರ ರೂಢಿ. ಹದಿಹರೆಯದವರ ದೇಹ ಇದಕ್ಕೆ ಒಗ್ಗುವುದಿಲ್ಲ. ಈ ವಯಸ್ಸಿನಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ಸ್ರವಿಸುವ ಹೊತ್ತು ಮುಂದಕ್ಕೆ ಸರಿಯುತ್ತದೆ. ರಾತ್ರಿ ಬೇಗ ನಿದ್ದೆ ಬಾರದು, ಬೆಳಿಗ್ಗೆ ಬೇಗ ಎಚ್ಚರವಾಗದು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ತಜ್ಞರ ಸಲಹೆ. ನಸುಕಿನಲ್ಲಿ ಎಬ್ಬಿಸಿದ ಮಕ್ಕಳ ಸಿಡುಕನ್ನು ಸೋಮಾರಿತನವೆಂದು ಬಗೆಯದೆ, ಕಾರಿನಲ್ಲಿ ಎರಡು ಗಂಟೆ ಮಲಗಲು ಬಿಟ್ಟರೆ ಹಾಸನದ ಇಡ್ಲಿ-ವಡೆಯ ಹೊತ್ತಿಗೆ ಮಾತು ತಾನಾಗಿ ಶುರುವಾಗುತ್ತದೆ.

ಹಿಂಬದಿ ಸೀಟಿಗೂ ಬೆಲ್ಟ್

2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಸಂಭವಿಸಿದ ಕಾರು ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಮೃತಪಟ್ಟರು. ಹಿಂಬದಿಯಲ್ಲಿ ಕುಳಿತಿದ್ದ ಅವರು ಸೀಟ್ ಬೆಲ್ಟ್ ಧರಿಸಿರಲಿಲ್ಲ ಎಂದು ಪೊಲೀಸರು ತಿಳಿಸಿದ್ದರು. ಹಿಂದೆ ಕೂತವರಿಗೆ ಬೆಲ್ಟ್ ಬೇಕಿಲ್ಲವೆಂಬ ನಂಬಿಕೆ ಎಷ್ಟು ಅಪಾಯಕಾರಿ ಎಂಬುದು ಆಗ ದೇಶದಾದ್ಯಂತ ಚರ್ಚೆಯಾಯಿತು. ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್‌ನಲ್ಲಿ ಬೆಲ್ಟ್ ಧರಿಸದಿರುವುದಕ್ಕೆ ನಿಗದಿಯಾಗಿರುವ ದಂಡ 1,000 ರೂ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನದಲ್ಲಿ ಕೂರಿಸದಿದ್ದರೂ ಇದೇ ದಂಡ.

ಕಾಲು ಚಾಚಿ, ಒಬ್ಬರ ಮೇಲೊಬ್ಬರು ಒರಗಿ ಮಲಗುವುದು ಹದಿಹರೆಯದವರ ಅಭ್ಯಾಸ. ನಿದ್ದೆಯಲ್ಲಿಯೂ ಬೆಲ್ಟ್ ಬಿಚ್ಚಬಾರದೆಂಬ ನಿಯಮವನ್ನು ಮನೆಯಂಗಳದಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಈ ವಿಷಯದಲ್ಲಿ ಅಪ್ಪ-ಅಮ್ಮನಿಗೂ ವಿನಾಯಿತಿ ಇರಬಾರದು.

ನಾಯಿಯ ವಿಷಯದಲ್ಲಿಯೂ ಕಾನೂನು ಮೌನವಾಗಿಲ್ಲ. ಚಾಲಕನ ಹಿಡಿತಕ್ಕೆ ಅಡ್ಡಿಯಾಗುವಂತೆ ಯಾರನ್ನೂ ಕೂರಿಸಬಾರದು, ಏನನ್ನೂ ಇರಿಸಬಾರದು ಎನ್ನುತ್ತದೆ ಇದೇ ಕಾಯ್ದೆಯ 125ನೇ ಸೆಕ್ಷನ್. ತೊಡೆಯ ಮೇಲೆ ನಾಯಿ ಕೂರಿಸಿಕೊಂಡು ಸ್ಟಿಯರಿಂಗ್ ಹಿಡಿಯುವ ಶೋಕಿ ಈ ನಿಯಮಕ್ಕೆ ವಿರುದ್ಧ. ಮುಂದಿನ ಸೀಟಿನಲ್ಲಿ ಕೂತ ನಾಯಿಗೆ ಏರ್‌ಬ್ಯಾಗ್ ಬಿಚ್ಚಿಕೊಂಡ ರಭಸವೇ ಮಾರಕವಾಗಬಹುದು. ಕಟ್ಟದೆ ಬಿಟ್ಟ 25 ಕೆ.ಜಿ. ತೂಕದ ನಾಯಿ, ಹಠಾತ್ ಬ್ರೇಕ್ ಬಿದ್ದಾಗ ತನ್ನ ತೂಕದ ಹಲವು ಪಟ್ಟು ಬಲದಿಂದ ಮುಂದಿನವರ ಬೆನ್ನಿಗೆ ಅಪ್ಪಳಿಸುತ್ತದೆ. ಎದೆಯನ್ನು ಸುತ್ತುವ ಹಾರ್ನೆಸ್ ತೊಡಿಸಿ ಅದನ್ನು ಹಿಂಬದಿ ಸೀಟಿನ ಬೆಲ್ಟ್‌ಗೆ ಬಿಗಿಯುವುದು, ಇಲ್ಲವೇ ಅಲುಗಾಡದಂತೆ ಕಟ್ಟಿದ ಗೂಡಿನಲ್ಲಿ ಕೂರಿಸುವುದು ಸರಿಯಾದ ಕ್ರಮ. ಕೊರಳಪಟ್ಟಿಗೆ ಬೆಲ್ಟ್ ಬಿಗಿದರೆ ಕುತ್ತಿಗೆಗೆ ಪೆಟ್ಟಾದೀತು. ಓಡುವ ಕಾರಿನ ಕಿಟಕಿಯಿಂದ ತಲೆ ಹೊರಹಾಕಿದರೆ ಕಣ್ಣಿಗೆ ಧೂಳು, ಕಲ್ಲು ಬಡಿಯುವ ಭಯವೂ ಇದೆ.

'ಒಂದೇ ಒಂದು ಸಲ ಓಡಿಸ್ತೀನಪ್ಪ'

ಕಡಲತೀರದ ಖಾಲಿ ರಸ್ತೆಯೋ ಕಾಫಿ ತೋಟದ ಮಣ್ಣಿನ ದಾರಿಯೋ ಕಂಡಾಗ ಈ ಬೇಡಿಕೆ ಬಂದೇ ಬರುತ್ತದೆ. ಮಗನೋ ಮಗಳೋ ಕೇಳಿದಾಗ ಇಲ್ಲವೆನ್ನಲು ಅಪ್ಪನಿಗೂ ಮನಸ್ಸಾಗದು. ಆದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಇಲ್ಲಿ ಕಠಿಣವಾಗಿದೆ. ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಹಾಗೂ 25,000 ರೂ. ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಮಗುವಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಸಿಗುವುದಿಲ್ಲ. ಐದು ನಿಮಿಷದ ಸಂತೋಷಕ್ಕೆ ಇಷ್ಟು ದೊಡ್ಡ ಬೆಲೆ ತೆರಬೇಕಾಗುತ್ತದೆಂಬುದನ್ನು ಗದರಿಸದೆ, ಲೆಕ್ಕ ಬಿಡಿಸಿದಂತೆ ತಿಳಿಸಿದರೆ ಮಕ್ಕಳಿಗೆ ಅರ್ಥವಾಗುತ್ತದೆ.

ನಿಲ್ಲಿಸಿದ ಕಾರು, ಕಾಯ್ದ ಬಾಣಲೆ

ಪ್ರವಾಸದಲ್ಲಿ ನಾಯಿಗಳ ಜೀವಕ್ಕೆ ದೊಡ್ಡ ಕುತ್ತು ಎದುರಾಗುವುದು ನಿಲ್ಲಿಸಿದ ಕಾರಿನಲ್ಲಿ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹೊರಗೆ ಕೇವಲ 22 ಡಿಗ್ರಿ ಸೆಲ್ಸಿಯಸ್ ಇದ್ದ ಬಿಸಿಲಿನ ದಿನವೂ ಮುಚ್ಚಿದ ಕಾರಿನ ಒಳಗಿನ ಬಿಸಿ ಒಂದು ಗಂಟೆಯಲ್ಲಿ 47 ಡಿಗ್ರಿ ತಲುಪಬಲ್ಲದು. ಏರಿಕೆಯ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲಿಯೇ ಆಗುತ್ತದೆ. ಕಿಟಕಿಯನ್ನು ಒಂದಿಷ್ಟು ಇಳಿಸಿಟ್ಟರೂ ಹೆಚ್ಚಿನ ಪ್ರಯೋಜನವಾಗಲಿಲ್ಲ. ಏಪ್ರಿಲ್ ತಿಂಗಳ ಉಡುಪಿ ಅಥವಾ ಹೊಸಪೇಟೆಯ ಮಧ್ಯಾಹ್ನವನ್ನು ಇದಕ್ಕೆ ಹೋಲಿಸಿ ನೋಡಿದರೆ ಅಪಾಯದ ಪ್ರಮಾಣ ತಿಳಿಯುತ್ತದೆ.

ನಾಯಿ ಮನುಷ್ಯರಂತೆ ಮೈತುಂಬ ಬೆವರುವುದಿಲ್ಲ. ನಾಲಗೆ ಚಾಚಿ ತೇಕುವುದೇ ಅದರ ದೇಹ ತಣಿಯುವ ಮುಖ್ಯ ದಾರಿ. ಆರೋಗ್ಯವಂತ ನಾಯಿಯ ಮೈಬಿಸಿ 38ರಿಂದ 39 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಅದು 41 ಡಿಗ್ರಿ ದಾಟಿದರೆ ಪ್ರಾಣಾಪಾಯ. ಪಗ್, ಬುಲ್‌ಡಾಗ್, ಶಿಹ್ ತ್ಸುವಿನಂತಹ ಚಪ್ಪಟೆ ಮೂತಿಯ ತಳಿಗಳು ಮತ್ತು ಮುದಿ ನಾಯಿಗಳು ಬೇಗ ಬಳಲುತ್ತವೆ. ವಿಪರೀತ ತೇಕು, ಜೊಲ್ಲು, ತೂರಾಡುವಿಕೆ, ವಾಂತಿ ಕಂಡರೆ ತಕ್ಷಣ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಆಮೇಲೆ ತಡಮಾಡದೆ ಪಶುವೈದ್ಯರಲ್ಲಿಗೆ ಧಾವಿಸಬೇಕು. ಮೈಮೇಲೆ ಒದ್ದೆ ಬಟ್ಟೆ ಹೊದಿಸಿಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ.

ಊಟಕ್ಕೆ ಇಳಿದಾಗ ಒಬ್ಬರು ನಾಯಿಯೊಂದಿಗೆ ನೆರಳಲ್ಲಿ ನಿಂತು, ಉಳಿದವರು ಉಂಡು ಬಂದ ಮೇಲೆ ಒಳಹೋಗುವ ಸರದಿಯೊಂದೇ ಇದಕ್ಕಿರುವ ಪರಿಹಾರ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಅಂಗೈ ಹಿಂಬದಿಯನ್ನು ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ.

ಬುತ್ತಿಯಲ್ಲಿ ಎಚ್ಚರ

ದಾರಿಯ ತಿನಿಸು ಮಕ್ಕಳ ಕೈಯಿಂದ ನಾಯಿಯ ಬಾಯಿಗೆ ಜಾರುವುದು ಸಹಜ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಹಾಗೂ ಸಕ್ಕರೆರಹಿತ ಚ್ಯೂಯಿಂಗ್ ಗಮ್‌ಗಳಲ್ಲಿರುವ ಜೈಲಿಟಾಲ್ ನಾಯಿಗಳಿಗೆ ವಿಷ. ಈರುಳ್ಳಿ ಬೋಂಡಾ, ದ್ರಾಕ್ಷಿ ಹಾಕಿದ ಕೇಸರಿಬಾತ್ ಕೂಡ ಈ ಪಟ್ಟಿಗೆ ಸೇರುತ್ತವೆ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಾಯಿಗೆ ಕೊಡಬಾರದು.

ಘಾಟಿಯ ತಿರುವುಗಳಲ್ಲಿ ತಲೆಸುತ್ತು, ವಾಂತಿ ಮಕ್ಕಳಿಗೂ ನಾಯಿಮರಿಗಳಿಗೂ ಸಮಾನ. ಹೊರಡುವ ಮುನ್ನ ನಾಯಿಗೆ ಹೊಟ್ಟೆ ಬಿರಿಯ ಉಣಿಸದೆ, ಎರಡು ಗಂಟೆ ಮೊದಲೇ ಲಘು ಆಹಾರ ಹಾಗೂ ನೀರು ಕೊಡುವುದು ಒಳ್ಳೆಯದು. ಮೊಬೈಲ್ ಪರದೆ ನೋಡುತ್ತ ಕೂತ ಮಕ್ಕಳಿಗೆ ತಲೆಸುತ್ತು ಹೆಚ್ಚು. ಘಾಟಿ ಇಳಿಯುವಷ್ಟು ಹೊತ್ತು ಫೋನ್ ಬದಿಗಿಟ್ಟು ದೂರದ ಬೆಟ್ಟ ನೋಡುವಂತೆ ಹೇಳಲು ಇದೊಂದು ನ್ಯಾಯವಾದ ಕಾರಣ.

ಮಲೆನಾಡಿನ ಉಣುಗು

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ. ಡಿಸೆಂಬರ್‌ನಿಂದ ಮೇವರೆಗಿನ ಅವಧಿಯಲ್ಲಿ ಇದರ ಕಾಟ ಹೆಚ್ಚು. ಬೇಸಿಗೆ ರಜೆ ಬರುವುದೂ ಆಗಲೇ. ತರಗೆಲೆಯಲ್ಲಿ ಹೊರಳಾಡಿ ಬಂದ ನಾಯಿ ಉಣುಗುಗಳನ್ನು ಮೈಗಂಟಿಸಿಕೊಂಡು ಕಾರಿನೊಳಗೆ, ಹಾಸಿಗೆಗೆ ತರುತ್ತದೆ. ಪಶುವೈದ್ಯರ ಸಲಹೆಯಂತೆ ಉಣುಗುನಾಶಕ ಹಚ್ಚಿಸಿಕೊಂಡು ಹೊರಡಬೇಕು. ಸಂಜೆ ನಾಯಿಯ ಕಿವಿ, ಕಂಕುಳು, ಬೆರಳ ಸಂದುಗಳನ್ನು ತಡಕಿ ನೋಡಬೇಕು. ಮಕ್ಕಳು ಉದ್ದ ತೋಳಿನ ಅಂಗಿ ತೊಡುವುದು, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡುವುದು ಕ್ಷೇಮ. ಮನೆಗೆ ಮರಳಿದ ವಾರದೊಳಗೆ ಯಾರಿಗಾದರೂ ತೀವ್ರ ಜ್ವರ, ತಲೆನೋವು, ಮೈಕೈನೋವು ಬಂದರೆ ಮಲೆನಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಿಳಿಸಲೇಬೇಕು.

ನಿಂತ ನೀರಿನಲ್ಲಿ ಆಡುವ ನಾಯಿಗೆ ಇಲಿಜ್ವರ ತಗಲಬಹುದು. ರೇಬಿಸ್ ಲಸಿಕೆಯೊಂದಿಗೆ ಇದರ ಲಸಿಕೆಯೂ ಆಗಿರಬೇಕು.

ಕಾಡು, ಕಡಲು, ದೇಗುಲ

ರಾಷ್ಟ್ರೀಯ ಉದ್ಯಾನ ಹಾಗೂ ಹುಲಿ ಸಂರಕ್ಷಿತ ಪ್ರದೇಶಗಳ ಸಫಾರಿಗೆ ಸಾಕುಪ್ರಾಣಿಗಳನ್ನು ಬಿಡುವುದಿಲ್ಲ. ಗುಜರಾತಿನ ಗಿರ್‌ನಲ್ಲಿ 2018ರಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಹಲವಕ್ಕೆ, ನಾಯಿಗಳಲ್ಲಿಯೂ ಕಾಣುವ ಕೆನೈನ್ ಡಿಸ್ಟೆಂಪರ್ ವೈರಸ್ ತಗುಲಿದ್ದು ದೃಢಪಟ್ಟಿತ್ತು. ನಾಯಿಗಳ ರೋಗ ಕಾಡಿಗೆ ದಾಟಿದರೆ ಏನಾಗಬಹುದೆಂಬುದಕ್ಕೆ ಇದು ಎಚ್ಚರಿಕೆ. ಅಪಾಯ ಕಾಡಿನಿಂದ ನಾಯಿಗೂ ಇದೆ. ಚಿರತೆಗೆ ನಾಯಿ ಇಷ್ಟದ ಬೇಟೆ. ತೋಟದ ನಡುವಿನ ಹೋಂಸ್ಟೇಗಳಲ್ಲಿ ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟದೆ ಕೋಣೆಯೊಳಗೇ ಮಲಗಿಸಬೇಕು.

ಹೊನ್ನಾವರದ ಕಾಸರಕೋಡು ಸೇರಿದಂತೆ ಉತ್ತರ ಕನ್ನಡದ ಕೆಲವು ತೀರಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಹಗ್ಗ ಬಿಚ್ಚಿದ ನಾಯಿ ಮರಳು ಕೆದಕಿದರೆ ಆ ಗೂಡುಗಳಿಗೆ ಹಾನಿ. ದೇವಸ್ಥಾನಗಳಲ್ಲಿ ಸಾಮಾನ್ಯವಾಗಿ ನಾಯಿಗೆ ಪ್ರವೇಶವಿಲ್ಲದ ಕಾರಣ ಅಲ್ಲಿಯೂ ಸರದಿಯೇ ಗತಿ. ಕೇರಳದ ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವು ಮುತ್ತಪ್ಪನ್ ಸನ್ನಿಧಿ ಇದಕ್ಕೆ ಅಪವಾದ. ಅಲ್ಲಿ ನಾಯಿಗಳಿಗೆ ಪೂಜ್ಯ ಸ್ಥಾನವಿದೆ.

ಮಕ್ಕಳಿಗೂ ಹೊಣೆಯ ಪಾಲು

ಎಲ್ಲವನ್ನೂ ಅಪ್ಪ-ಅಮ್ಮನೇ ನಿರ್ಧರಿಸಿದ ಪ್ರವಾಸದಲ್ಲಿ ಹದಿಹರೆಯದವರು ಸಾಮಾನಿನಂತೆ ಕೂತಿರುತ್ತಾರೆ. ಎರಡು ಗಂಟೆಗೊಮ್ಮೆ ಎಲ್ಲಿ ನಿಲ್ಲಿಸಬೇಕು, ನಾಯಿಗೆ ನೀರು ಯಾವಾಗ, ಮುಂದಿನ ಊರಿನ ಪಶು ಆಸ್ಪತ್ರೆ ಎಲ್ಲಿದೆ ಎಂಬ ಲೆಕ್ಕವನ್ನು ಅವರಿಗೆ ವಹಿಸಿದರೆ ಚಿತ್ರ ಬದಲಾಗುತ್ತದೆ. ಅಪ್ಪನ ಮಾತಿಗೆ ಕಿವಿಗೊಡದ ಹುಡುಗ, ನಾಯಿಗೆ ಬಾಯಾರಿದೆ ಎಂದೊಡನೆ ಇಯರ್‌ಫೋನ್ ತೆಗೆಯುತ್ತಾನೆ.

ಹೊರಡುವ ಮುನ್ನ

* ನಾಯಿ ಪ್ರಯಾಣಕ್ಕೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರ ಹಾಗೂ ಲಸಿಕೆ ಪುಸ್ತಕ ಜತೆಗಿರಲಿ. ಪ್ರಾಣಿಗಳ ಸಾಗಣೆ ನಿಯಮಗಳು, 1978 ಈ ಪ್ರಮಾಣಪತ್ರವನ್ನು ಕೇಳುತ್ತವೆ.

* ಕೊರಳಪಟ್ಟಿಗೆ ಮನೆಯವರ ದೂರವಾಣಿ ಸಂಖ್ಯೆಯ ಬಿಲ್ಲೆ, ಫೋನಿನಲ್ಲಿ ನಾಯಿಯ ಇತ್ತೀಚಿನ ಚಿತ್ರ ಇರಲಿ.

* ನಾಯಿಗೆ ಅವಕಾಶವಿದೆಯೇ, ಅಲ್ಲಿ ಬೇರೆ ನಾಯಿಗಳಿವೆಯೇ ಎಂದು ಹೋಂಸ್ಟೇಯವರನ್ನು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳಿತು.

* ಮನೆಯ ನೀರು, ಅಭ್ಯಾಸದ ಆಹಾರ, ಹಳೆಯ ಹೊದಿಕೆ, ಮಲ ತೆಗೆಯಲು ಚೀಲ ಜತೆಗಿರಲಿ.

* ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033, ಸಂಚಾರಿ ಪಶುಚಿಕಿತ್ಸಾ ಘಟಕಗಳಿಗೆ 1962.

ದೀರ್ಘ ಪ್ರವಾಸಕ್ಕೆ ಮೊದಲು ನಂದಿಬೆಟ್ಟದ ತಪ್ಪಲಿಗೋ ಶ್ರೀರಂಗಪಟ್ಟಣದ ಹೊಳೆದಂಡೆಗೋ ಅರ್ಧ ದಿನದ ಪ್ರಯಾಣ ಮಾಡಿ ನೋಡುವುದು ಜಾಣತನ. ನಾಯಿ ಅಲ್ಲಿಯೇ ಹೆದರಿ ನಡುಗಿದರೆ, ವಿಪರೀತ ಬಳಲಿದರೆ, ಈ ಬಾರಿ ಅದನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಹೋಗುವುದೇ ಪ್ರೀತಿ.