ಸೀಸದ ದಾರ, ಪಾದರಸದ ಮೀನು: ಈರಿ ಸರೋವರದ ಕತೆ

2022ರ ಆ ವಿಡಿಯೋ ನಿಮ್ಮಲ್ಲಿ ತುಂಬಾ ಜನ ನೋಡಿರ್ತೀರಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಊರು, ಸೆಪ್ಟೆಂಬರ್ 30, ಮೀನು ಹಿಡಿಯೋ ಪಂದ್ಯದ ಫೈನಲ್. ಗೆದ್ದವರ ಐದು ಮೀನು ತೂಗಿದ್ರೆ ಸುಮಾರು 34 ಪೌಂಡ್. ನೋಡೋಕೆ 20 ಪೌಂಡ್ ಇದ್ರೆ ಹೆಚ್ಚು. ಅನುಮಾನ ಬಂದು ಪಂದ್ಯದ ಮೇಲ್ವಿಚಾರಕ ಚಾಕು ತಗೊಂಡು ಹೊಟ್ಟೆ ಸೀಳಿದ್ರೆ ಒಳಗಿಂದ ಸೀಸದ ಗುಂಡುಗಳು ಉರುಳಿ ಬಂದ್ವು! ನಮ್ಮ ಆಫೀಸ್ ಗ್ರೂಪ್‌ನಲ್ಲೂ ಅದು ಓಡಾಡ್ತು, ಎಲ್ಲರೂ ನಕ್ಕು ಮರೆತ್ರು. ನನಗೆ ಮಾತ್ರ ಒಂದು ಪ್ರಶ್ನೆ ಉಳೀತು. ಸುಮಾರು 28 ಸಾವಿರ ಡಾಲರ್ ಬಹುಮಾನ ಇಡೋಷ್ಟು ಈ ಮೀನಲ್ಲಿ ಏನಿದೆ?

ಮೀನಿನ ಹೆಸರು ವಾಲೈ. ಉತ್ತರ ಅಮೆರಿಕದ ಸಿಹಿನೀರಿನ ಮೀನು, ರುಚಿಗೆ ಹೆಸರುವಾಸಿ. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುತ್ತಲ್ಲ, ಹಾಗೇ ಇದರ ಕಣ್ಣೂ ಹೊಳೆಯುತ್ತೆ. ಮಬ್ಬು ಬೆಳಕಲ್ಲಿ ಬೇಟೆ ಆಡೋಕೆ ಅನುಕೂಲ, ಆದ್ರೆ ಬಿಸಿಲು ಕಂಡ್ರೆ ಆಗಲ್ಲ, ಕೆಳಗಿಳಿಯುತ್ತೆ. ಇದನ್ನ ಹಿಡಿಯೋ ಒಂದು ಮುಖ್ಯ ವಿಧಾನ ಟ್ರೋಲಿಂಗ್. ಇಂಟರ್ನೆಟ್ ಟ್ರೋಲಿಂಗ್ ಅಲ್ಲ ಮಾರಾಯ್ರೆ, ಆ ಪದಕ್ಕೇ ಮೂಲ ಇದು ಅಂತಾರೆ: ದೋಣಿ ನಿಧಾನಕ್ಕೆ ಹೋಗ್ತಾ ಹಿಂದೆ ಗಾಳ ಎಳೆಯೋದು. ಮಲ್ಪೆ ಕಡೆಯವರು ಟ್ರಾಲ್ ಬೋಟ್ ಅಂದ್ಕೋಬೇಡಿ, ಅಲ್ಲಿ ಎಳೆಯೋದು ಬಲೆ, ಇಲ್ಲಿ ದಾರ.

ಗಾಳದ ತುದೀಲಿ ಹಲವು ಸಲ ಎರೆಹುಳ ಇರಲ್ಲ, ಕ್ರ್ಯಾಂಕ್‌ಬೈಟ್ ಇರುತ್ತೆ. ಮರದ್ದೋ ಪ್ಲಾಸ್ಟಿಕ್‌ದೋ ಒಂದು ಸುಳ್ಳು ಮೀನು, ಮೂತಿ ಹತ್ರ ತುಟಿ ಥರ ಒಂದು ಹಲಗೆ. ಎಳೆದಾಗ ಆ ತುಟಿಗೆ ನೀರು ಬಡಿದು ಅದು ಕೆಳಗೆ ಮುಳುಗುತ್ತೆ, ಓಲಾಡುತ್ತೆ. ಈ ಜಾತಿಯ ಸುಳ್ಳು ಮೀನಿಗೆ ದೊಡ್ಡ ಹೆಸರು ತಂದವನು ಫಿನ್ಲೆಂಡಿನ ಬಡ ಮೀನುಗಾರ ಲೌರಿ ರಾಪಾಲ. ದೋಣಿ ಹುಟ್ಟು ಹಾಕ್ತಾ ಹಾಕ್ತಾ ಒಂದು ವಿಷಯ ಗಮನಿಸಿದ: ದೊಡ್ಡ ಮೀನು ಗುಂಪಲ್ಲಿರೋ ಗಟ್ಟಿ ಮೀನನ್ನ ಬಿಟ್ಟು, ಸೊಟ್ಟ ಸೊಟ್ಟ ಈಜೋ ಬಡಕಲು ಮೀನಿಗೇ ಬಾಯಿ ಹಾಕುತ್ತೆ. 1936ರಲ್ಲಿ ಚಮ್ಮಾರರ ಚಾಕು ಹಿಡಿದು ಕಾರ್ಕ್ ಕೆತ್ತಿ, ಹೊಳಪಿಗೆ ತಿಂಡಿ ಸುತ್ತೋ ಬೆಳ್ಳಿ ಹಾಳೆ ಅಂಟಿಸಿ, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಬಳಿದ. 1962ರ ಆಗಸ್ಟ್‌ನಲ್ಲಿ ಲೈಫ್ ಪತ್ರಿಕೆ ಇದರ ಬಗ್ಗೆ ಬರೀತು. ಅದೇ ಸಂಚಿಕೆಯ ಮುಖಪುಟದಲ್ಲಿ ಆಗಷ್ಟೇ ತೀರಿಹೋಗಿದ್ದ ಮರ್ಲಿನ್ ಮನ್ರೋ. ಪತ್ರಿಕೆ ಬಿಸಿ ದೋಸೆ ಥರ ಖಾಲಿ ಆಯ್ತು, ರಾಪಾಲನ ಕುಟುಂಬ ಮಾಡಿ ಪೂರೈಸೋಕೆ ಆಗದಷ್ಟು ಆರ್ಡರ್ ಬಂತು.

ಸರಿ, ತುಟಿ ಇದ್ರೂ ಅದು ಇಷ್ಟೇ ಆಳ ಹೋಗುತ್ತೆ ಅಂತ ಮಿತಿ ಇದೆ. ಅದಕ್ಕೆ ಲೆಡ್‌ಕೋರ್. ನೈಲಾನ್ ಅಥವಾ ಡೇಕ್ರಾನ್ ಹೆಣಿಗೆ, ಒಳಗೆ ಸೀಸದ ಎಳೆ. ನನಗೆ ತುಂಬಾ ಇಷ್ಟವಾಗೋದು ಇದರ ಲೆಕ್ಕ. 30 ಅಡಿಗೊಂದು ಬಣ್ಣ ಬದಲಾಗುತ್ತೆ, ಪೂರ್ತಿ ಸುತ್ತಿಗೆ ಹತ್ತು ಬಣ್ಣ. ಗಂಟೆಗೆ ಎರಡು ಮೈಲಿ ವೇಗದಲ್ಲಿ ಒಂದು ಬಣ್ಣ ಬಿಟ್ರೆ ಸುಮಾರು 5 ಅಡಿ ಆಳ ಅಂತ ಒಂದು ಅಂದಾಜು. ಆರು ಬಣ್ಣ ಬಿಡಿ, ಮೂವತ್ತು ಅಡಿ. ದೋಣಿ ತಿರುಗಿದ್ರೆ ಒಳಬದಿಯ ದಾರ ನಿಧಾನ ಆಗಿ ಕೆಳಗಿಳಿಯುತ್ತೆ, ಹೊರಬದಿಯದು ವೇಗ ಹೆಚ್ಚಾಗಿ ಮೇಲೇಳುತ್ತೆ. ಯಾವ ಬದಿಗೆ ಮೀನು ಬಿತ್ತು ನೋಡ್ಕೊಂಡು ವೇಗ, ಆಳ ಸರಿ ಮಾಡ್ಕೋತಾರೆ. ನಾವು ಎರಡು ವರ್ಷನ್ ಬಿಟ್ಟು ಯಾವುದಕ್ಕೆ ಜಾಸ್ತಿ ಕ್ಲಿಕ್ ಬಂತು ಅಂತ ನೋಡ್ತೀವಲ್ಲ, ಅದೇ ತಾನೆ!

ಈಗ ಸರೋವರಕ್ಕೆ ಬನ್ನಿ. ಈರಿಯ ಪಶ್ಚಿಮ ಭಾಗದ ಸರಾಸರಿ ಆಳ 24 ಅಡಿ, ಮಧ್ಯ ಭಾಗದ್ದು 60 ಅಡಿ. ಬೇಸಿಗೆಯಲ್ಲಿ ವಾಲೈಗಳು ತಂಪು ಹುಡುಕ್ಕೊಂಡು ಪೂರ್ವಕ್ಕೆ ಹೋಗ್ತವೆ, ನಡುನೀರಲ್ಲಿ ತೇಲ್ತಿರ್ತವೆ. 1980ರ ದಶಕದ ಕೊನೆಗೆ ಹಡಗುಗಳ ಜೊತೆ ಬಂದ ಜೀಬ್ರಾ ಚಿಪ್ಪುಗಳು ನೀರನ್ನ ಸೋಸಿ ತಿಳಿ ಮಾಡಿದ್ವು. ಬೆಳಕು ಆಳಕ್ಕೆ ಇಳಿದ್ರೆ ಬೆಳಕು ಬೇಡದ ಮೀನು ಇನ್ನೂ ಕೆಳಗೆ. ಸೀಸದ ದಾರಕ್ಕೆ ಕೆಲಸ ಬಂತು.

ಆದ್ರೆ ಆ ಹೊತ್ತಿಗೆ ವಾಲೈ ಉಳಿದಿದ್ದೇ ಒಂದು ವಿಚಿತ್ರ. 1950, 60ರ ದಶಕದಲ್ಲಿ ಡಿಟರ್ಜೆಂಟಿನ ರಂಜಕ, ಚರಂಡಿ ನೀರು, ಪಾಚಿ. ತಳದಲ್ಲಿ ಆಮ್ಲಜನಕ ಇಲ್ಲ. ಪೇಪರ್‌ನವರು ಈರಿ ಸತ್ತಿದೆ ಅಂತಲೇ ಬರೆದ್ರು. ಜೊತೆಗೆ ಬಲೆಯವರು ಸಿಕ್ಕಷ್ಟು ಬಾಚಿದ್ರು. ವಾಲೈಯ ಹತ್ತಿರದ ಸಂಬಂಧಿ ಬ್ಲೂ ಪೈಕ್ ಹೋದದ್ದು ಹೋಯ್ತು, 1983ರಲ್ಲಿ ಅಧಿಕೃತವಾಗಿ ನಿರ್ನಾಮ ಅಂತ ಘೋಷಿಸಿದ್ರು.

ವಾಲೈಯನ್ನ ಉಳಿಸಿದ್ದು ಏನು ಗೊತ್ತಾ? ವಿಷ. ಮೇಲ್ಗಡೆ ಸೇಂಟ್ ಕ್ಲೇರ್ ಸರೋವರದ ಮೀನುಗಳನ್ನ ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ಒಬ್ಬ ಸಂಶೋಧನಾ ವಿದ್ಯಾರ್ಥಿ, ನಾರ್ವೆಯಿಂದ ಬಂದಿದ್ದ ನೋರ್ವಾಲ್ಡ್ ಫಿಮ್ರೈಟೆ, ಪರೀಕ್ಷೆಗೆ ಕಳಿಸಿದ. ಪಾದರಸ! ಕ್ಲೋರಿನ್, ಕಾಸ್ಟಿಕ್ ಸೋಡಾ ಮಾಡೋ ಕಾರ್ಖಾನೆಗಳು ನದಿಗೆ ಬಿಡ್ತಿದ್ದದ್ದು. ತಳದ ಬ್ಯಾಕ್ಟೀರಿಯಾ ಅದನ್ನ ಮೀಥೈಲ್ ಪಾದರಸ ಮಾಡ್ತವೆ, ಹುಳದಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ಏರ್ತಾ ಹೋಗುತ್ತೆ. ಮೇಲ್ತುದೀಲಿ ಕೂತಿರೋದು ವಾಲೈ. ತಿನ್ನೋಕೆ ಮಿತಿ ಕಿಲೋಗೆ ಅರ್ಧ ಮಿಲಿಗ್ರಾಂ, ಮೀನಲ್ಲಿದ್ದದ್ದು ಅದನ್ನೂ ಮೀರಿ. 1970ರ ವಸಂತದಲ್ಲಿ ವಾಲೈ ಹಿಡಿದು ಮಾರೋದಕ್ಕೆ ತಡೆ ಬಿತ್ತು. ಮೀನುಗಾರ ಕುಟುಂಬಗಳ ಹೊಟ್ಟೆಪಾಡು ಒಂದೇ ಏಟಿಗೆ ಹೋಯ್ತು. ತಪ್ಪು ಮಾಡಿದ್ದು ಕಾರ್ಖಾನೆ, ದೋಣಿ ದಡಕ್ಕೆ ಕಟ್ಟಿದ್ದು ಇವರು. ಈ ಭಾಗ ಓದುವಾಗ ನನಗೆ ನಗು ಬರಲಿಲ್ಲ.

ಬಲೆ ನಿಂತಿದ್ದಕ್ಕೆ ಮೀನಿಗೆ ಉಸಿರು ಸಿಕ್ತು. 1972ರಲ್ಲಿ ಎರಡೂ ದೇಶ ಸರೋವರಗಳ ನೀರಿನ ಒಪ್ಪಂದ ಮಾಡ್ಕೊಂಡ್ವು. 70ರ ದಶಕ ಮುಗಿಯೋ ಹೊತ್ತಿಗೆ ವಾಲೈ ತುಂಬಿಕೊಂಡಿತ್ತು. ಕೆನಡಾ ಬಲೆ ಮೀನುಗಾರಿಕೆ ಉಳಿಸ್ಕೊಂಡಿತು; ಒಹಾಯೊ ವಾಲೈಯನ್ನ ಗಾಳದವರಿಗೇ ಬಿಟ್ಟಿತು. ಬಾಡಿಗೆ ದೋಣಿ, ಪಂದ್ಯ, ಬಹುಮಾನ ಎಲ್ಲ ಬಂದದ್ದು ಆಮೇಲೆ.

ಹಂಚಿಕೆ ಹೇಗೆ ಅಂತೀರಾ? ಪ್ರತಿ ವರ್ಷ ಪಶ್ಚಿಮ ಮತ್ತು ಮಧ್ಯ ಭಾಗದಲ್ಲಿ ಎಷ್ಟು ವಾಲೈ ಹಿಡೀಬಹುದು ಅಂತ ಲೆಕ್ಕ ಹಾಕಿ, ಯಾರ ಪಾಲಿಗೆ ಎಷ್ಟು ನೀರು ಬರುತ್ತೋ ಅದರ ಪ್ರಕಾರ ಭಾಗ ಮಾಡ್ತಾರೆ: ಒಹಾಯೊಗೆ ಸುಮಾರು 51%, ಒಂಟಾರಿಯೊಗೆ 43, ಉಳಿದದ್ದು ಮಿಶಿಗನ್‌ಗೆ. ಚೆನ್ನೈನಲ್ಲಿ ಕೂತು ಇದನ್ನ ಬರೀತಿದ್ದೀನಿ, ಸ್ನೇಹಿತರೆ. ಮಳೆ ಕೈ ಕೊಟ್ಟ ವರ್ಷ ಇಲ್ಲಿ ಕ್ಯಾಂಟೀನಲ್ಲಿ ಕನ್ನಡ ಮಾತಾಡೋಕೆ ದನಿ ತಗ್ಗಿಸಿದವನು ನಾನು, ಹಾಗಾಗಿ ಈ ಅಂಕಿಗಳನ್ನ ಎರಡು ಸಲ ಓದಿದೆ.

ಆ ಪಂದ್ಯದ ಇಬ್ಬರು 2023ರ ಮಾರ್ಚ್‌ನಲ್ಲಿ ತಪ್ಪೊಪ್ಪಿಕೊಂಡ್ರು. ಹತ್ತು ದಿನ ಜೈಲು, ಮೂರು ವರ್ಷ ಲೈಸೆನ್ಸ್ ಇಲ್ಲ, ದೋಣಿಯೂ ಹೋಯ್ತು. ವಾಲೈಯನ್ನ ತಿಂಗಳಿಗೆ, ವಾರಕ್ಕೆ ಎಷ್ಟು ಸಲ ತಿನ್ನಬಹುದು ಅಂತ ಅಲ್ಲಿನ ಸರ್ಕಾರಗಳು ಈಗಲೂ ಸಲಹೆ ಪಟ್ಟಿ ಹೊರಡಿಸ್ತವೆ.