ದೀಪಕ್ಕೆಂದು ಎಳೆದ ವೈರು

ನಾನು ವೈರ್‌ಮನ್ ಕೆಲಸಕ್ಕೆ ಸೇರಿದಾಗ ಮೊದಲು ಕಲಿತದ್ದು ಬಡಗಿತನ. ಗೋಡೆಗೆ ತೂತು ಕೊರೆದು ಮರದ ಬೆಣೆ ಬಡಿ, ಅದರ ಮೇಲೆ ತೇಗದ ಪಟ್ಟಿಯನ್ನು ದಾರ ಹಿಡಿದು ನೇರ ಕೂರಿಸು, ನಾಲ್ಕು ಇಂಚಿಗೊಂದು ಲಿಂಕ್ ಕ್ಲಿಪ್ ಹೊಡೆದು ವೈರು ಬಿಗಿ. ಪಟ್ಟಿ ಸೊಟ್ಟಗಾದರೆ ಮೇಸ್ತ್ರಿ ಪೂರಾ ಕೀಳಿಸುತ್ತಿದ್ದರು. ವೈರು ಬಯಲಿಗೇ ಕಾಣುತ್ತಿತ್ತು, ನಿಜ. ಆದರೆ ಕೈಗೆಟುಕದ ಎತ್ತರದಲ್ಲಿ ಓಡುತ್ತಿತ್ತು. ಇಲಿ ಕಡಿದದ್ದು, ಹಳೇ ರಬ್ಬರು ಬಿರುಕು ಬಿಟ್ಟದ್ದು ಕೆಳಗೆ ನಿಂತೇ ಗೊತ್ತಾಗುತ್ತಿತ್ತು.

ಆ ವೈರಿಂಗ್ ಹುಟ್ಟಿದ್ದೇ ದೀಪಕ್ಕಾಗಿ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಹೊರಟದ್ದು ಯಾರ ಮನೆಗೂ ಅಲ್ಲ, 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರ ಆಗಸ್ಟ್‌ನಲ್ಲಿ, ಅದೂ ಬೀದಿದೀಪವಾಗಿ. ಮನೆ ಹೊಕ್ಕ ಮೇಲೂ ಕೋಣೆಗೊಂದು ಬಲ್ಬು, ನಡುಮನೆಯಲ್ಲಿ ರೇಡಿಯೊಗೊಂದು ಪ್ಲಗ್ಗು, ಅಷ್ಟೇ ಲೆಕ್ಕ. ಎಷ್ಟೋ ಕಾಲದ ಮೇಲೆ ಸರ್ಕಾರದ ಭಾಗ್ಯಜ್ಯೋತಿ ಯೋಜನೆ ಬಂದಾಗಲೂ ಬಡವರ ಮನೆಗೆ ಸಿಕ್ಕಿದ್ದು ಒಂದು ದೀಪ.

ನಮ್ಮ ದುಂಡು ಪಿನ್ನಿನ ಪ್ಲಗ್ಗು ಬ್ರಿಟಿಷರು ಬಿಟ್ಟುಹೋದದ್ದು. ಅವರು 1947ರಲ್ಲಿ ಚಪ್ಪಟೆ ಪಿನ್ನಿನ, ಒಳಗೇ ಫ್ಯೂಸ್ ಇರುವ ಪ್ಲಗ್ಗಿಗೆ ಹೊಸ ಮಾನಕ ತಂದರು. ನಾವು ಹಳೆಯದನ್ನೇ ಉಳಿಸಿಕೊಂಡೆವು. ಹಾಗಾಗಿ ವೈರು ಕಾಯುವ ಹೊಣೆಯೆಲ್ಲ ಮೀಟರ್ ಬೋರ್ಡಿನ ಪಿಂಗಾಣಿ ಫ್ಯೂಸಿನ ತಲೆಗೆ ಬಂತು. ಫ್ಯೂಸ್ ಪದೇಪದೇ ಹೋದರೆ ಜನ ಏನು ಮಾಡುತ್ತಿದ್ದರು ಅಂತೀರಿ? ದಪ್ಪ ತಾಮ್ರದ ಎಳೆ ಸುತ್ತುತ್ತಿದ್ದರು. ಆಮೇಲೆ ಸುಡುವುದು ಫ್ಯೂಸಲ್ಲ, ಪಟ್ಟಿಯ ಮೇಲಿನ ವೈರು.

ಅರ್ಥಿಂಗ್ ಕಥೆ ಇನ್ನೂ ಬೇಸರದ್ದು. ಹಿತ್ತಲಲ್ಲಿ ಗುಂಡಿ ತೋಡಿ ಜಿ.ಐ. ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹಾಕಬೇಕು. ಬಲ್ಬಿಗೆ ಇದೆಲ್ಲ ಯಾಕೆ ಎಂದು ಬಿಟ್ಟ ಮನೆಗಳಿಗೇ ಆಮೇಲೆ ಫ್ರಿಜ್ಜು, ಮಿಕ್ಸಿ ಬಂದವು. ಸಾಕೆಟ್ಟಿಗೆ ಮೂರು ತೂತು, ಮೇಲಿನ ಅರ್ಥಿಂಗ್ ತೂತಿನ ಹಿಂದೆ ವೈರೇ ಇಲ್ಲ! ನಾನು ಬಿಚ್ಚಿದ ಹಳೇ ಬೋರ್ಡುಗಳಲ್ಲಿ ಇಂಥವು ಎಷ್ಟೋ.

ಪಿವಿಸಿ ಪೈಪು ಬಂದ ಮೇಲೆ ವೈರು ಗೋಡೆಯೊಳಗೆ ಅಡಗಿತು, ಪಟ್ಟಿ ಬಡಿಯುವ ಕಸುಬೂ ಹೋಯಿತು. ಆದರೆ ಪ್ಲಗ್ಗಿನ ಲೆಕ್ಕ ಎಲ್ಲೂ ಸಾಲಲಿಲ್ಲ. ಅಡಗಿದ ವೈರು ಎಕ್ಸ್‌ಟೆನ್ಷನ್ ಬಾಕ್ಸಿನ ಬಾಲವಾಗಿ ಮತ್ತೆ ಹೊರಬಂತು, ಈ ಸಲ ನೆಲದ ಮೇಲೆ, ಚಾಪೆಯಡಿ, ಬಾಗಿಲ ಸಂದಿಯಲ್ಲಿ. ನನ್ನ ಕೇಳಿದರೆ ಹಳೇ ಪಟ್ಟಿ ವೈರಿಂಗೇ ಇದಕ್ಕಿಂತ ಮರ್ಯಾದಸ್ಥ.

6 ಆಂಪಿಯರ್ ಬಾಕ್ಸು 230 ವೋಲ್ಟಿನಲ್ಲಿ ಹೊರುವುದು 1380 ವ್ಯಾಟ್. 2000 ವ್ಯಾಟಿನ ಗೀಸರು, ಇಂಡಕ್ಷನ್ ಒಲೆಯನ್ನು ಅದಕ್ಕೆ ಚುಚ್ಚಬೇಡಿ. ಒಂದು ಬಾಕ್ಸಿಗೆ ಇನ್ನೊಂದನ್ನು ಸಿಕ್ಕಿಸಬೇಡಿ. ಮರದ ಪಟ್ಟಿ ಇನ್ನೂ ಉಳಿದಿರುವ ಮನೆಯಾದರೆ ಲೈಸೆನ್ಸ್ ಇರುವವರನ್ನು ಕರೆಸಿ ಮೆಗ್ಗರ್ ಹಾಕಿಸಿ ವೈರಿನ ಇನ್ಸುಲೇಷನ್ ಪರೀಕ್ಷಿಸಿ, ಅರ್ಥಿಂಗ್ ನೋಡಿಸಿ, ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿಕೊಳ್ಳಿ.