ಒಂದು ಷಿಲಿಂಗಿಗೆ ನೂರು ಪದ

ತಂತಿ ಎಂದೊಡನೆ ನಮ್ಮ ಪೀಳಿಗೆಯವರಿಗೆ ನೆನಪಾಗುವುದು ಪದಗಳ ಜಿಪುಣತನ. ‘ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೆಟ್ಲಿ’ ಎಂಬಷ್ಟರಲ್ಲೇ ಎಲ್ಲವನ್ನೂ ಹೇಳಿಬಿಡಬೇಕಾಗಿತ್ತು. ಹಾಗಾದರೆ ಹಿಂದಿನ ಕಾಲದ ಪತ್ರಿಕೆಗಳು ದೀರ್ಘ ಭಾಷಣಗಳ ವರದಿಯನ್ನು ತಂತಿಯ ಮೂಲಕ ಹೇಗೆ ತರಿಸಿಕೊಳ್ಳುತ್ತಿದ್ದವು? ಇದಕ್ಕೆ ಉತ್ತರ ಬ್ರಿಟನ್ನಿನ 1868ರ ಟೆಲಿಗ್ರಾಫ್ ಕಾಯಿದೆಯಲ್ಲಿದೆ.

ಅದಕ್ಕೆ ಮೊದಲು ಆ ದೇಶದ ತಂತಿಮಾರ್ಗಗಳು ಖಾಸಗಿ ಕಂಪನಿಗಳ ಕೈಯಲ್ಲಿದ್ದವು. ಲಂಡನ್ನಿನಾಚೆಯ ಊರುಗಳ ಪತ್ರಿಕೆಗಳಿಗೆ ಸುದ್ದಿಯನ್ನು ಸಂಗ್ರಹಿಸಿ ಮಾರುತ್ತಿದ್ದವರೂ ಅವರೇ. ಇದರಿಂದ ಬೇಸತ್ತ ಪತ್ರಿಕಾ ಮಾಲೀಕರು ತಂತಿಯನ್ನು ಸರ್ಕಾರವೇ ವಹಿಸಿಕೊಳ್ಳಲೆಂದು ಒತ್ತಾಯಿಸಿದರು. 1868ರಲ್ಲಿ ತಮ್ಮದೇ ಆದ ಪ್ರೆಸ್ ಅಸೋಸಿಯೇಷನ್ ಸಂಸ್ಥೆಯನ್ನು ಕಟ್ಟಿದರು. 1870ರ ಫೆಬ್ರುವರಿಯಲ್ಲಿ ತಂತಿ ವ್ಯವಸ್ಥೆಯು ಅಂಚೆ ಇಲಾಖೆಯ ವಶವಾಯಿತು.

ನಿಯಮಗಳು ಹೀಗಿದ್ದವು. ಸಾಮಾನ್ಯ ಜನರಿಗೆ ಒಂದು ಷಿಲಿಂಗಿಗೆ 20 ಪದ. ನೋಂದಾಯಿತ ಪತ್ರಿಕೆಗಳಿಗಾದರೋ ಸಂಜೆ 6ರಿಂದ ಬೆಳಿಗ್ಗೆ 9ರವರೆಗೆ ಅದೇ ಷಿಲಿಂಗಿಗೆ 100 ಪದ, ಹಗಲಿನಲ್ಲಿ 75 ಪದ. ವಾಚನಾಲಯ, ಕ್ಲಬ್ಬುಗಳಿಗೂ ಈ ರಿಯಾಯಿತಿ ಇತ್ತು. ಅದೇ ಸುದ್ದಿಯನ್ನು ಬೇರೊಂದು ವಿಳಾಸಕ್ಕೂ ಕಳುಹಿಸಿದರೆ, ಪ್ರತಿ 100 ಅಥವಾ 75 ಪದಗಳಿಗೆ ಹೆಚ್ಚುವರಿಯಾಗಿ ಎರಡೇ ಪೆನ್ಸ್.

ನನ್ನ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಒಂದು ಷಿಲಿಂಗಿಗೆ 12 ಪೆನ್ಸ್. ರಾತ್ರಿಯ 100 ಪದಗಳ ಸುದ್ದಿಯನ್ನು ಒಂದೇ ಪತ್ರಿಕೆ ತರಿಸಿಕೊಂಡರೆ 12 ಪೆನ್ಸ್ ಖರ್ಚು. ಹತ್ತು ಪತ್ರಿಕೆಗಳು ಕೂಡಿ ತರಿಸಿಕೊಂಡರೆ ಒಟ್ಟು 30 ಪೆನ್ಸ್, ಅಂದರೆ ತಲಾ 3 ಪೆನ್ಸ್ ಮಾತ್ರ! ಸಣ್ಣ ಊರಿನ ಪತ್ರಿಕೆಯೂ ಪಾರ್ಲಿಮೆಂಟಿನ ರಾತ್ರಿಯ ಚರ್ಚೆಯನ್ನು ಮರುದಿನ ಬೆಳಿಗ್ಗೆ ಅಚ್ಚು ಹಾಕುವಂತಾದುದು ಈ ಲೆಕ್ಕಾಚಾರದಿಂದಲೇ.

ಆದರೆ ಈ ಸೌಲಭ್ಯಕ್ಕೆ ಬೆಲೆಯೂ ಇತ್ತು. ಪ್ರತಿಯೊಂದು ಊರಿಗೂ ಸುದ್ದಿಯನ್ನು ಮುಟ್ಟಿಸುವ ಶ್ರಮಕ್ಕೆ ಎರಡು ಪೆನ್ಸ್ ಸಾಲದೆ ಅಂಚೆ ಇಲಾಖೆ ನಷ್ಟ ಅನುಭವಿಸಿತು. ಆ ಹೊರೆ ಕೊನೆಗೆ ಬಿದ್ದುದು ಸಾರ್ವಜನಿಕ ಬೊಕ್ಕಸದ ಮೇಲೆ. ರಿಯಾಯಿತಿ ಬೇಕೆಂದರೆ ಎಲ್ಲರಿಗೂ ಒಂದೇ ಒಕ್ಕಣೆ ಹೋಗಬೇಕಾದ್ದರಿಂದ, ಹತ್ತಾರು ಊರುಗಳ ಜನ ಅದೇ ಮಾತುಗಳನ್ನೇ ಓದತೊಡಗಿದರು. ಸುದ್ದಿ ಅಗ್ಗವಾಯಿತು, ಏಕರೂಪವೂ ಆಯಿತು.

ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಆದರೂ ಒಂದೇ ಸುದ್ದಿ ಹಲವು ಪತ್ರಿಕೆಗಳಲ್ಲಿ ಅಕ್ಷರವೂ ಬದಲಾಗದೆ ಕಾಣಿಸಿಕೊಂಡಾಗಲೆಲ್ಲ ನನಗೆ ಆ ಎರಡು ಪೆನ್ಸಿನ ನಿಯಮ ನೆನಪಾಗುತ್ತದೆ. ಸುದ್ದಿ ಎಲ್ಲರಿಗೂ ತಲುಪಬೇಕು, ನಿಜ. ಅದರ ಖರ್ಚನ್ನು ಯಾರು ಹೊರುತ್ತಾರೆ, ಅದರ ಮಾತುಗಳನ್ನು ಯಾರು ಆರಿಸುತ್ತಾರೆ ಎಂಬುದನ್ನೂ ನಾವು ಕೇಳುತ್ತಿರಬೇಕು.